ಧಾನ್ಯದ ಮೇಲೆ ಆಮದು ಸುಂಕ ಏರಿಸಿದರೆ ರೈತರ ಕೈಗೆ ಎಷ್ಟು ಬರುತ್ತದೆ?

ಪ್ರಶ್ನೆ: ಹೊರದೇಶದ ಅಗ್ಗದ ಧಾನ್ಯ ಬಂದು ಬಿದ್ದಾಗ ದೇಶದೊಳಗಿನ ರೈತರು ಬೆಲೆ ಸಿಗದೆ ಒದ್ದಾಡುತ್ತಾರೆ. ಆಮದು ಸುಂಕವನ್ನು ಜೋರಾಗಿ ಏರಿಸಿಬಿಟ್ಟರೆ ಸಮಸ್ಯೆ ಮುಗಿಯಿತು ಅಲ್ವಾ? ಸರ್ಕಾರಕ್ಕೆ ಖರ್ಚೂ ಇಲ್ಲ, ಮೇಲಾಗಿ ಆದಾಯವೇ ಬರುತ್ತದೆ. ಹೀಗಿದ್ದೂ ಅರ್ಥಶಾಸ್ತ್ರ ಓದಿದವರು ಯಾಕೆ ಹಿಂದೇಟು ಹಾಕುತ್ತಾರೆ? ರೈತರ ಪರ ನಿಲ್ಲುವುದು ತಪ್ಪೇ?

ಉತ್ತರ: ಖಂಡಿತ ತಪ್ಪಲ್ಲ. ರೈತರ ಪರ ನಿಂತೇ ನಾನೂ ಇದನ್ನು ಬರೆಯುತ್ತಿದ್ದೇನೆ. ಸುಂಕ ಬೇಡವೇ ಬೇಡ ಎನ್ನುವವರ ಜೊತೆ ನಾನಿಲ್ಲ. ಆದರೆ ಸುಂಕ ಅಂದರೆ ಬಂದರಿನಲ್ಲಿ ಧಾನ್ಯದ ಮೇಲೆ ಹಾಕುವ ತೆರಿಗೆ. ಅದು ರೈತರ ಕೈಗೆ ಕೊಡುವ ದುಡ್ಡಲ್ಲ. ಆ ತೆರಿಗೆಯಿಂದ ಏರಿದ ಬೆಲೆ ಹೊಲದವರೆಗೆ ಬರುವಷ್ಟರಲ್ಲಿ ಎಷ್ಟು ಉಳಿಯುತ್ತದೆ, ಯಾರ ಹೊಲಕ್ಕೆ ಬರುತ್ತದೆ, ಯಾವ ತಿಂಗಳಲ್ಲಿ ಬರುತ್ತದೆ ಅನ್ನುವುದನ್ನು ನೋಡಬೇಕು. ನೋಡದೆ ಸುಮ್ನೆ ಏರಿಸಿದರೆ ಲಾಭ ಬೇರೆಯವರ ಪಾಲಾಗುತ್ತದೆ, ಹೆಸರು ಮಾತ್ರ ರೈತರದ್ದು. ನನ್ನ ತಕರಾರು ಇಷ್ಟೇ.

ಮೊದಲು ಇದು ಕೆಲಸ ಮಾಡುವ ಬಗೆ ನೋಡೋಣ. ಹಡಗಿನಿಂದ ಇಳಿದ ಗೋಧಿ ಮೂಟೆಗೆ 1,000 ಬೀಳುತ್ತದೆ ಅಂದುಕೊಳ್ಳಿ. ಯಾವ ದೇಶದ ಹಣವಾದರೂ ಸರಿ. ಶೇ 30ರಷ್ಟು ಸುಂಕ ಹಾಕಿದರೆ ಆಮದು ಮಾಡುವವರಿಗೆ ಅದು 1,300 ಆಗುತ್ತದೆ. ಆಗ ಮಿಲ್ಲಿನವರು ದೇಶದೊಳಗಿನ ಗೋಧಿಗೂ 1,300ರ ತನಕ ಕೊಡಲು ತಯಾರಾಗುತ್ತಾರೆ. ರೈತರಿಗೆ ಸಿಗುವ ಲಾಭ ಬರುವುದು ಇಲ್ಲಿಂದ. ಅಂದರೆ, ಹೊರಗಿನ ಧಾನ್ಯ ಒಳಗೆ ಬರುತ್ತಿದ್ದರೆ, ಅಥವಾ ಬರುವ ಹಾಗಿದ್ದರೆ ಮಾತ್ರ ಸುಂಕಕ್ಕೆ ಬೆಲೆ ಎತ್ತುವ ಶಕ್ತಿ ಇರುತ್ತದೆ. ದೇಶದೊಳಗೆ ಬೆಲೆ ಆಗಲೇ 900ಕ್ಕೆ ಇಳಿದಿದ್ದರೆ 1,000ದ ಗೋಧಿಯನ್ನು ಯಾರು ತರಿಸುತ್ತಾರೆ? ಆಗ ಸುಂಕ ಶೇ 30 ಇದ್ದರೂ ಒಂದೇ, ಶೇ 100 ಇದ್ದರೂ ಒಂದೇ. ರೈತರಿಗೆ ಬಿಡಿಗಾಸಿನ ವ್ಯತ್ಯಾಸವಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಬೆಲೆ ಬೀಳುವುದು ಹಲವು ಸಲ ಆಮದಿನಿಂದಲ್ಲ, ದೇಶದೊಳಗೇ ಬೆಳೆ ಭರ್ಜರಿಯಾಗಿ ಬಂದದ್ದರಿಂದ. ಆ ವರ್ಷ ಸುಂಕ ಏರಿಸಿದರೆ ಸುದ್ದಿಯಾಗುತ್ತದೆ, ಚಪ್ಪಾಳೆಯೂ ಬೀಳುತ್ತದೆ, ಬೆಲೆ ಮಾತ್ರ ಬಿದ್ದಲ್ಲೇ ಇರುತ್ತದೆ.

ಇದಕ್ಕೆ ಬ್ರಿಟನ್ನಿನ ಧಾನ್ಯ ಕಾನೂನುಗಳಿಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ನೆಪೋಲಿಯನ್ ಯುದ್ಧಗಳು ನಡೆದಷ್ಟು ಕಾಲ ಅಲ್ಲಿ ಹೊರಗಿನ ಧಾನ್ಯ ಬರುವುದು ಕಷ್ಟವಾಗಿತ್ತು, ಬೆಲೆ ಏರಿಯೇ ಇತ್ತು. ಯುದ್ಧ ಮುಗಿಯುತ್ತಿದ್ದಂತೆ ಭೂಮಾಲೀಕರಿಗೆ ಭಯ ಹತ್ತಿತು. 1815ರಲ್ಲಿ ಅವರೇ ತುಂಬಿದ್ದ ಪಾರ್ಲಿಮೆಂಟು ಒಂದು ಕಾನೂನು ತಂದಿತು. ದೇಶದೊಳಗೆ ಗೋಧಿಯ ಬೆಲೆ ಒಂದು ಕ್ವಾರ್ಟರಿಗೆ 80 ಶಿಲ್ಲಿಂಗ್ ಮುಟ್ಟುವವರೆಗೆ ಹೊರಗಿನ ಗೋಧಿ ಮಾರುಕಟ್ಟೆಗೆ ಬರುವಂತಿಲ್ಲ. ಕ್ವಾರ್ಟರ್ ಅಂದರೆ ಆಗಿನ ಅಳತೆ, ಸುಮಾರು 218 ಕಿಲೋ ಗೋಧಿ. ಇದು ಬರೀ ಸುಂಕವಲ್ಲ, ಬಾಗಿಲು ಹಾಕಿ ಚಿಲಕ ಜಡಿದ ಹಾಗೆ. ಇದಕ್ಕಿಂತ ಗಟ್ಟಿ ರಕ್ಷಣೆ ಯಾರೂ ಕೇಳಲಾರರು.

ಆಮೇಲೆ ಏನಾಯಿತು? 1816ರಲ್ಲಿ ಬೇಸಿಗೆಯೇ ಬರಲಿಲ್ಲ ಅನ್ನುವಷ್ಟು ಚಳಿ, ಮಳೆ. ಬೆಳೆ ಹೋಯಿತು. 1817ರಲ್ಲಿ ಗೋಧಿಯ ಸರಾಸರಿ ಬೆಲೆ 97 ಶಿಲ್ಲಿಂಗಿನ ಹತ್ತಿರ ಹೋಯಿತು, ಬಡವರು ಬ್ರೆಡ್ಡಿಗೆ ಪರದಾಡಿದರು. ಆಮೇಲೆ ಒಳ್ಳೆಯ ಬೆಳೆಗಳು ಬಂದವು. 1822ರ ಹೊತ್ತಿಗೆ ಸರಾಸರಿ ಬೆಲೆ 45 ಶಿಲ್ಲಿಂಗಿಗೆ ಇಳಿದಿತ್ತು. ಬಾಗಿಲು ಹಾಕಿಯೇ ಇತ್ತು, ಬೆಲೆ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. 80 ಶಿಲ್ಲಿಂಗ್ ಗ್ಯಾರಂಟಿ ಎಂದು ನಂಬಿ ಜಾಸ್ತಿ ಗೇಣಿಗೆ ಜಮೀನು ಹಿಡಿದಿದ್ದ ಬೇಸಾಯಗಾರರು ಮುಳುಗಿದರು. ಕೃಷಿಯ ಸಂಕಟದ ಬಗ್ಗೆ ವಿಚಾರಿಸಲು 1821ರಲ್ಲಿ ಪಾರ್ಲಿಮೆಂಟು ಸಮಿತಿಯನ್ನೇ ಮಾಡಬೇಕಾಯಿತು.

ಆ ಗೇಣಿಯ ಮಾತನ್ನು ಇನ್ನಷ್ಟು ಬಿಡಿಸಿ ನೋಡಬೇಕು, ಯಾಕೆಂದರೆ ಇಡೀ ವಿಷಯದ ತಿರುಳು ಅಲ್ಲೇ ಇದೆ. ಡೇವಿಡ್ ರಿಕಾರ್ಡೊ ಅನ್ನುವ ಅರ್ಥಶಾಸ್ತ್ರಜ್ಞ ಆಗಲೇ ಇದನ್ನು ತೋರಿಸಿಕೊಟ್ಟಿದ್ದರು. ಧಾನ್ಯದ ಬೆಲೆ ಕಾನೂನಿನ ಬಲದಿಂದ ಏರಿತು ಅಂದುಕೊಳ್ಳಿ. ಜಮೀನು ಇಟ್ಟುಕೊಂಡವರು ಮುಂದಿನ ಸಲ ಗೇಣಿ ಒಪ್ಪಂದ ಮಾಡುವಾಗ ಸುಮ್ಮನಿರುತ್ತಾರೆಯೇ? ಬೆಲೆ ಹೆಚ್ಚಾಗಿದೆ, ಗೇಣಿಯೂ ಹೆಚ್ಚಾಗಲಿ ಅನ್ನುತ್ತಾರೆ. ಎರಡು ಮೂರು ವರ್ಷದಲ್ಲಿ ಲಾಭವೆಲ್ಲ ಗೇಣಿಯೊಳಗೆ ಸೇರಿಹೋಗುತ್ತದೆ. ಜಮೀನು ಕೊಳ್ಳಲು ಹೊರಟ ಹೊಸಬರಿಗೆ ಎಕರೆಯ ಬೆಲೆಯೂ ಅಷ್ಟೇ ಮೇಲೆ ಹೋಗಿರುತ್ತದೆ. ಉತ್ತು ಬಿತ್ತುವವರಿಗೆ ಉಳಿಯುವುದು ಮೊದಲಿನಷ್ಟೇ ಕೂಲಿ, ಅದರ ಮೇಲೆ ಸಾಲದ ಹೊರೆ. ಜಮೀನಿನ ಒಡೆತನ ಕೆಲವೇ ಕೈಯಲ್ಲಿರುವ ಕಡೆಯೆಲ್ಲ ಸುಂಕದ ಗತಿ ಇದೇ. ಉಳುವವರೇ ಒಡೆಯರಾಗಿರುವ ಕಡೆ ಇಷ್ಟು ಕೆಡುವುದಿಲ್ಲ ಎಂಬುದನ್ನೂ ಹೇಳಬೇಕು.

ಬ್ರಿಟಿಷರು 1828ರಲ್ಲಿ ಇನ್ನೊಂದು ಉಪಾಯ ಮಾಡಿದರು. ಇವತ್ತಿಗೂ ಅನೇಕರು ಇದನ್ನೇ ಸೂಚಿಸುತ್ತಾರೆ. ಬೆಲೆ ಕಡಿಮೆಯಿದ್ದರೆ ಸುಂಕ ಜಾಸ್ತಿ, ಬೆಲೆ ಏರಿದ ಹಾಗೆ ಸುಂಕ ಇಳಿಯಲಿ. ಕೇಳಲು ಎಷ್ಟು ಚೆನ್ನಾಗಿದೆ! ಬೆಲೆ 73 ಶಿಲ್ಲಿಂಗ್ ಮುಟ್ಟಿದರೆ ಸುಂಕ ಬರೀ 1 ಶಿಲ್ಲಿಂಗ್. ಅದಕ್ಕಿಂತ ಸ್ವಲ್ಪ ಕೆಳಗಿದ್ದರೂ ಸುಂಕ ಕಡಿದಾಗಿ ಏರುತ್ತಿತ್ತು. ವರ್ತಕರು ಲೆಕ್ಕದಲ್ಲಿ ಗಟ್ಟಿಗರು. ಹೊರಗಿನ ಗೋಧಿಯನ್ನು ತರಿಸಿ, ಸುಂಕ ಕಟ್ಟದೆ, ಬಂದರಿನ ಗೋದಾಮಿನಲ್ಲೇ ಇಟ್ಟರು. ಬೆಲೆ 73ರ ಕಡೆ ಹೋಗುವವರೆಗೆ ಒಂದು ಕಾಳೂ ಹೊರಗೆ ಬಿಡಲಿಲ್ಲ. ಹೀಗೆ ತಡೆಹಿಡಿದದ್ದರಿಂದಲೇ ಬೆಲೆ ಇನ್ನಷ್ಟು ಏರುತ್ತಿತ್ತು. ಗುರಿ ಮುಟ್ಟಿದ ಕೂಡಲೇ ಎಲ್ಲರೂ ಒಟ್ಟಿಗೆ ಒಂದೊಂದು ಶಿಲ್ಲಿಂಗ್ ಕಟ್ಟಿ ಗೋದಾಮು ಖಾಲಿ ಮಾಡುತ್ತಿದ್ದರು. ಬೆಲೆ ದಬಕ್ಕನೆ ಬೀಳುತ್ತಿತ್ತು, ಹಲವು ಸಲ ರೈತರು ಹೊಸ ಬೆಳೆ ಮಾರಲು ಬರುವ ಹೊತ್ತಿಗೇ. ನಿಯಮ ಬರೆಯುವಾಗ ಮೆಟ್ಟಿಲು ಕಡಿದಾಗಿದ್ದರೆ ಹೀಗಾಗುತ್ತದೆ. ಕೊನೆಗೆ 1846ರಲ್ಲಿ ರಾಬರ್ಟ್ ಪೀಲ್ ಸರ್ಕಾರ ಈ ಕಾನೂನುಗಳನ್ನೇ ತೆಗೆಯಿತು. ಪೀಲ್ ಅವರ ಪಕ್ಷ ಒಡೆಯಿತು, ಅಧಿಕಾರವೂ ಹೋಯಿತು.

ಈಗ ಸಣ್ಣ ರೈತರ ಲೆಕ್ಕಕ್ಕೆ ಬರೋಣ. ಒಂದು ಮನೆಯಲ್ಲಿ 20 ಮೂಟೆ ಧಾನ್ಯ ಬೆಳೆಯುತ್ತಾರೆ. ಬೀಜಕ್ಕೂ ಊಟಕ್ಕೂ 14 ಇಟ್ಟುಕೊಂಡು, ಸಾಲ ತೀರಿಸಲು ಒಕ್ಕಣೆಯಾದ ವಾರದಲ್ಲೇ 6 ಮಾರುತ್ತಾರೆ. ಮುಂದಿನ ಬೆಳೆಗೆ ಮೊದಲು ಕಣಜ ಖಾಲಿಯಾಗಿ 5 ಮೂಟೆ ಕೊಳ್ಳಬೇಕಾಗುತ್ತದೆ. ಸುಂಕದಿಂದ ಮೂಟೆಗೆ 100 ಏರಿತು ಅಂದುಕೊಂಡರೆ, ಮಾರುವಾಗ 600 ಲಾಭ, ಕೊಳ್ಳುವಾಗ 500 ನಷ್ಟ. ಕೈಯಲ್ಲಿ ಉಳಿದದ್ದು 100. ಅದೇ ಊರಿನಲ್ಲಿ 500 ಮೂಟೆ ಮಾರುವವರಿಗೆ ಬಂದದ್ದು 50,000. ಜಮೀನೇ ಇಲ್ಲದೆ ಕೂಲಿ ಮಾಡಿ ವರ್ಷಕ್ಕೆ 12 ಮೂಟೆ ಕೊಂಡು ತಿನ್ನುವ ಮನೆಗೆ 1,200 ನಷ್ಟ. ಇದು ನಾನು ಕಟ್ಟಿದ ಲೆಕ್ಕ, ನಿಜ. ಆದರೆ ಬಡ ದೇಶಗಳ ಹಳ್ಳಿಗಳಲ್ಲಿ, ಬೇಸಾಯ ಮಾಡುತ್ತಲೇ, ಮಾರಿದ್ದಕ್ಕಿಂತ ಹೆಚ್ಚು ಧಾನ್ಯ ಕೊಂಡು ತಿನ್ನುವ ಮನೆಗಳು ಬಹಳ ಇವೆ. ಅವರನ್ನೂ ರೈತರೆಂದೇ ಕರೆಯುತ್ತೇವೆ. ಸುಂಕ ಏರಿದಾಗ ಜೇಬಿನಿಂದ ಕಳೆದುಕೊಳ್ಳುವ ರೈತರು ಇವರೇ.

ಮೇಲೆ ಇನ್ನೊಂದು ತೊಡಕು. ನಾನು ಮಾರುವಾಗಲೂ ಕೊಳ್ಳುವಾಗಲೂ 100 ಏರಿತು ಎಂದು ಸರಳವಾಗಿ ಹೇಳಿದೆ. ನಿಜದಲ್ಲಿ ಒಕ್ಕಣೆಯ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ಮಾರುತ್ತಾರೆ, ಆಗ ಆಮದಿನ ಪೈಪೋಟಿಯೇ ಕಡಿಮೆ, ಸುಂಕದ ಪರಿಣಾಮವೂ ಕಡಿಮೆ. ಆರು ತಿಂಗಳು ಕಳೆದು ದಾಸ್ತಾನು ತೆಳುವಾದಾಗ ಸುಂಕದಿಂದ ಬೆಲೆ ಏರುತ್ತದೆ. ಅಷ್ಟು ಹೊತ್ತಿಗೆ ಮಾಲು ಇರುವುದು ವರ್ತಕರ ಗೋದಾಮಿನಲ್ಲಿ. ಗೋದಾಮಿನ ಸೌಲಭ್ಯ, ಇಟ್ಟ ಮಾಲಿನ ಮೇಲೆ ಸಾಲ ಇವೆರಡೂ ಇಲ್ಲದ ಕಡೆ ಸುಂಕದ ಫಲ ರೈತರಿಗೆ ಸಿಗುವುದು ಕಷ್ಟ.

ಧಾನ್ಯಕ್ಕೆ ಸುಂಕ ಹಾಕಿದರೆ ವ್ಯಾಪಾರ ಇನ್ನೊಂದು ದಾರಿ ಹುಡುಕುತ್ತದೆ. ಯುರೋಪಿನ ಕಥೆ ಇದಕ್ಕೆ ಸರಿಯಾದ ನಿದರ್ಶನ. 1960ರ ದಶಕದಿಂದ ಅಲ್ಲಿನ ಆರ್ಥಿಕ ಸಮುದಾಯ, ಅಂದರೆ ಈಗಿನ ಯುರೋಪಿಯನ್ ಒಕ್ಕೂಟದ ಹಿಂದಿನ ರೂಪ, ಧಾನ್ಯದ ಸುತ್ತ ಎತ್ತರದ ಗೋಡೆ ಕಟ್ಟಿತ್ತು. ಜಗತ್ತಿನ ಬೆಲೆ ಎಷ್ಟು ಇಳಿದರೂ, ತಮ್ಮ ಬೆಲೆಗೂ ಅದಕ್ಕೂ ಇರುವ ಅಂತರವನ್ನು ಗಡಿಯಲ್ಲಿ ವಸೂಲಿ ಮಾಡುತ್ತಿದ್ದರು. ಗೋಧಿ, ಬಾರ್ಲಿ, ಮೆಕ್ಕೆಜೋಳ ಎಲ್ಲ ದುಬಾರಿ. ಆಗ ನೆದರ್ಲೆಂಡ್ಸ್ ಕಡೆಯ ಪಶು ಆಹಾರ ತಯಾರಕರ ಕಣ್ಣಿಗೆ ಥಾಯ್ಲೆಂಡಿನ ಮರಗೆಣಸು ಬಿತ್ತು. ಅದು ಧಾನ್ಯವಲ್ಲ, ಗೆಡ್ಡೆ. ಅದರ ಮೇಲಿನ ಸುಂಕ ಶೇ 6ಕ್ಕಿಂತ ಏರುವಂತಿಲ್ಲ ಎಂದು ಯುರೋಪು ಹಿಂದೆಯೇ ಮಾತು ಕೊಟ್ಟಿತ್ತು. ಸೋಯಾಬೀನಿಗಂತೂ ಸುಂಕವೇ ಇರಲಿಲ್ಲ. ಒಣಗಿಸಿದ ಮರಗೆಣಸಿಗೆ ಸೋಯಾ ಹಿಂಡಿ ಬೆರೆಸಿದರೆ ಹಂದಿ, ಕೋಳಿಗಳಿಗೆ ಧಾನ್ಯದಷ್ಟೇ ಒಳ್ಳೆಯ ಮೇವು. ಹಡಗುಗಟ್ಟಲೆ ಬರತೊಡಗಿತು. ಯುರೋಪಿನ ಬಾರ್ಲಿ ಬೆಳೆಗಾರರು ಕಾಪಾಡಿಕೊಂಡಿದ್ದ ಮಾರುಕಟ್ಟೆಯನ್ನು ದೂರದ ಗೆಡ್ಡೆ ಕಿತ್ತುಕೊಂಡಿತು. ಕೊನೆಗೆ 1982ರಲ್ಲಿ ಥಾಯ್ಲೆಂಡಿನ ಜೊತೆ ಕೂತು, ಇಷ್ಟಕ್ಕಿಂತ ಜಾಸ್ತಿ ಕಳಿಸಬೇಡಿ ಎಂದು ಒಪ್ಪಂದ ಮಾಡಿಕೊಳ್ಳಬೇಕಾಯಿತು. ಗೋಧಿಗೆ ಸುಂಕ ಹಾಕಿ ಹಿಟ್ಟನ್ನು ಬಿಟ್ಟರೆ ಹಿಟ್ಟು ಬರುತ್ತದೆ. ಹಿಟ್ಟಿಗೂ ಹಾಕಿದರೆ ಬಿಸ್ಕತ್ತು ಬರುತ್ತದೆ.

ಗಡಿ ಉದ್ದವಾಗಿದ್ದರೆ ಕಳ್ಳಸಾಗಣೆ. ನೈಜೀರಿಯಾ ಅಕ್ಕಿಯ ಮೇಲೆ ಶೇ 70ರಷ್ಟು ಸುಂಕ ಇಟ್ಟಿತ್ತು. ಪಕ್ಕದ ಪುಟ್ಟ ದೇಶ ಬೆನಿನ್ ತನಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಅಕ್ಕಿ ತರಿಸುತ್ತಿತ್ತು. ಅದು ರಾತ್ರೋರಾತ್ರಿ ಗಡಿ ದಾಟುತ್ತಿತ್ತು. 2019ರ ಆಗಸ್ಟ್‌ನಲ್ಲಿ ನೈಜೀರಿಯಾ ತನ್ನ ಭೂಗಡಿಗಳನ್ನೇ ಮುಚ್ಚಿ, 2020ರ ಡಿಸೆಂಬರಿನಲ್ಲಿ ಮತ್ತೆ ತೆರೆಯಲು ಶುರುಮಾಡಿತು.

ಇಷ್ಟು ಓದಿ, ಹಾಗಾದರೆ ಸುಂಕ ಬಿಟ್ಟೇಬಿಡೋಣ ಅಂದುಕೊಳ್ಳಬೇಡಿ. ಬಿಟ್ಟವರ ಪಾಡನ್ನೂ ನೋಡಿ. ಹೈಟಿ 1995ರಲ್ಲಿ ಅಕ್ಕಿಯ ಸುಂಕವನ್ನು ಶೇ 3ಕ್ಕೆ ಇಳಿಸಿತು. ಸಾಲ ಕೊಡುವವರ ಒತ್ತಡ ಹಿಂದಿತ್ತು. ಅಮೆರಿಕದಲ್ಲಿ ಸಬ್ಸಿಡಿ ಪಡೆದು ಬೆಳೆದ ಅಕ್ಕಿ ಬಂದು ತುಂಬಿತು. ಹೈಟಿಯ ಭತ್ತದ ಬೆಳೆಗಾರರು ಎಕರೆಗೆ ಎಷ್ಟೇ ದುಡಿದರೂ ಅಮೆರಿಕದ ಖಜಾನೆಯ ಜೊತೆ ಪೈಪೋಟಿ ಮಾಡಲು ಆಗುತ್ತದೆಯೇ? 2010ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸೆನೆಟ್ ಸಮಿತಿಯ ಮುಂದೆ ಕೂತು, ತಮ್ಮ ರಾಜ್ಯದ ಕೆಲವು ರೈತರಿಗೆ ಅದರಿಂದ ಒಳ್ಳೆಯದಾಗಿರಬಹುದು, ಆದರೆ ಆ ನೀತಿ ತಪ್ಪಾಗಿತ್ತು ಎಂದು ಒಪ್ಪಿಕೊಂಡರು. ಅಷ್ಟರಲ್ಲಿ ಹದಿನೈದು ವರ್ಷ ಕಳೆದಿತ್ತು. ಇಂಥ ಕಡೆ ಸುಂಕ ಬೇಕೇ ಬೇಕು. ಎದುರಿನವರು ಸಬ್ಸಿಡಿಯ ಬಲದಿಂದ ಅಗ್ಗವಾಗಿ ಮಾರುವಾಗ, ಗಡಿಯಲ್ಲಿ ತಡೆಯದೆ ಕೂತವರನ್ನು ಉದಾರಿಗಳು ಎಂದು ನಾನು ಕರೆಯುವುದಿಲ್ಲ.

ನನಗೆ ಹೆಚ್ಚು ಕಲಿಸಿದ ದೇಶ ಫಿಲಿಪ್ಪೀನ್ಸ್. ಅಲ್ಲಿ ಅಕ್ಕಿಯ ಆಮದಿಗೆ ಸರ್ಕಾರ ಪ್ರಮಾಣದ ಮಿತಿ ಹಾಕಿತ್ತು. 2019ರಲ್ಲಿ ಕಾನೂನು ತಂದು ಮಿತಿ ತೆಗೆದರು, ಬದಲಿಗೆ ನೆರೆಯ ಆಗ್ನೇಯ ಏಷ್ಯಾ ದೇಶಗಳ ಅಕ್ಕಿಗೆ ಶೇ 35 ಸುಂಕ ಇಟ್ಟರು. ಅದೇ ವರ್ಷ ಭತ್ತದ ಬೆಲೆ ಕುಸಿದು ರೈತರು ಕಂಗಾಲಾದರು. ಆದರೆ ಕಾನೂನಿನಲ್ಲಿ ಒಂದು ಒಳ್ಳೆಯ ಅಂಶವಿತ್ತು. ವರ್ಷಕ್ಕೆ 1,000 ಕೋಟಿ ಪೆಸೊ ಭತ್ತದ ಬೆಳೆಗಾರರಿಗೇ ಮೀಸಲು. 500 ಕೋಟಿ ಯಂತ್ರಗಳಿಗೆ, 300 ಕೋಟಿ ಒಳ್ಳೆಯ ಬೀಜಕ್ಕೆ, ಉಳಿದ 200 ಕೋಟಿ ಸಾಲಕ್ಕೂ ತರಬೇತಿಗೂ ಸಮಪಾಲು. ಸುಂಕದಿಂದ ಬಂದ ಹಣ ಎಲ್ಲಿಗೆ ಹೋಗಬೇಕು ಎಂದು ಕಾನೂನಿನಲ್ಲೇ ಬರೆದಿಟ್ಟದ್ದು ನನಗೆ ಬಹಳ ಹಿಡಿಸಿತು. ಕೆಟ್ಟ ಅಂಶವೂ ಇತ್ತು. ಸುಂಕವನ್ನು ಸರ್ಕಾರ ಆದೇಶ ಹೊರಡಿಸಿ ಬದಲಿಸಬಹುದಿತ್ತು. 2024ರ ಜುಲೈನಲ್ಲಿ ಅಕ್ಕಿ ದುಬಾರಿಯಾಯಿತೆಂದು ಸುಂಕವನ್ನು ಶೇ 15ಕ್ಕೆ ಇಳಿಸಿದರು. ಆಮೇಲೆ ಜಗತ್ತಿನಲ್ಲೂ ಅಕ್ಕಿ ಅಗ್ಗವಾಯಿತು, ಭತ್ತ ಬೆಳೆದವರು ಮತ್ತೆ ಬಿದ್ದರು. 2025ರ ಸೆಪ್ಟೆಂಬರ್ 1ರಿಂದ ಮಾಮೂಲಿ ಅಕ್ಕಿಯ ಆಮದನ್ನೇ ಮೊದಲಿಗೆ 60 ದಿನಕ್ಕೆಂದು ನಿಲ್ಲಿಸಿದರು. ಆರು ವರ್ಷದಲ್ಲಿ ಮಿತಿ, ಶೇ 35, ಶೇ 15, ಮತ್ತೆ ನಿಷೇಧ. ಯಾವ ರೈತರು ಇದನ್ನು ನಂಬಿ ಕೊಳವೆಬಾವಿಗೋ ಟ್ರ್ಯಾಕ್ಟರಿಗೋ ಹಣ ಹಾಕುತ್ತಾರೆ ಹೇಳಿ? ಸುಂಕ ಎಷ್ಟಿದೆ ಅನ್ನುವುದಕ್ಕಿಂತ, ಬಿತ್ತುವಾಗ ಇದ್ದದ್ದು ಮಾರುವಾಗಲೂ ಇರುತ್ತದೆಯೇ ಅನ್ನುವುದು ರೈತರಿಗೆ ದೊಡ್ಡದು.

ಇನ್ನೊಂದು ತುದಿಯಲ್ಲಿ ಜಪಾನ್ ಇದೆ. ಅಲ್ಲಿ ಯಾವ ಅಲುಗಾಟವೂ ಇಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲದಿಂದ, ಒಪ್ಪಿಕೊಂಡ ಪ್ರಮಾಣಕ್ಕಿಂತ ಹೆಚ್ಚು ಬರುವ ಅಕ್ಕಿಗೆ ಕಿಲೋಗೆ 341 ಯೆನ್ ಸುಂಕ. ದಶಕಗಟ್ಟಲೆ ಅದನ್ನು ಕಟ್ಟಿ ಅಕ್ಕಿ ತರುವುದು ಯಾರಿಗೂ ಗಿಟ್ಟುತ್ತಿರಲಿಲ್ಲ. ಇಷ್ಟು ಗಟ್ಟಿ ಗೋಡೆಯೊಳಗೆ ಬೇಸಾಯ ಹೇಗಿರಬೇಕಿತ್ತು? ಜಪಾನಿನ ರೈತರ ಸರಾಸರಿ ವಯಸ್ಸು ಈಗ 70ರ ಹತ್ತಿರ. ಮಕ್ಕಳು ಪಟ್ಟಣ ಸೇರಿದ್ದಾರೆ, ಗದ್ದೆಗಳು ತುಂಡು ತುಂಡು, ಬೆಲೆ ಇಳಿಯಬಾರದೆಂದು ಸರ್ಕಾರವೇ ಬಹಳ ವರ್ಷ ಕಡಿಮೆ ಬೆಳೆಯಲು ಹೇಳಿತ್ತು. ಹಾಗಾಗಿ 2025ರ ವಸಂತದಲ್ಲಿ ಅಕ್ಕಿಯ ಕೊರತೆ ಬಿದ್ದಾಗ ಅಂಗಡಿಯಲ್ಲಿ 5 ಕಿಲೋ ಚೀಲ 4,000 ಯೆನ್ ದಾಟಿತು, ಹಿಂದಿನ ವರ್ಷದ ಸುಮಾರು ಎರಡರಷ್ಟು. ಸರ್ಕಾರ ತುರ್ತು ದಾಸ್ತಾನು ಬಿಚ್ಚಿತು. 341 ಯೆನ್ ಕಟ್ಟಿಯೂ ಕ್ಯಾಲಿಫೋರ್ನಿಯಾದ ಅಕ್ಕಿ ತರುವುದು ವ್ಯಾಪಾರಿಗಳಿಗೆ ಲಾಭವಾಯಿತು. ಸುಂಕ ಬೆಲೆಯನ್ನು ಕಾಪಾಡಿತ್ತು, ಬೇಸಾಯವನ್ನಲ್ಲ. ಇವೆರಡನ್ನೂ ಒಂದೇ ಎಂದು ತಿಳಿದದ್ದೇ ಅಲ್ಲಿಯ ತೊಂದರೆ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಅಗ್ಗದ ಗೋಧಿ ರೈಲು, ಹಡಗು ಹತ್ತಿ ಯುರೋಪಿಗೆ ಬಂದಾಗ ಎರಡು ದೇಶ ಎರಡು ದಾರಿ ಹಿಡಿದವು. ಬಿಸ್ಮಾರ್ಕ್ ಕಾಲದ ಜರ್ಮನಿ 1879ರಲ್ಲಿ ಟನ್ನಿಗೆ 10 ಮಾರ್ಕ್ ಸುಂಕ ಹಾಕಿತು. ಸಾಲದೆಂದು 1885ರಲ್ಲಿ 30, 1887ರಲ್ಲಿ 50. ಒಮ್ಮೆ ಶುರುವಾದರೆ ಏರುತ್ತಲೇ ಹೋಗುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ. ಹೆಚ್ಚು ಲಾಭವಾದದ್ದು ಪೂರ್ವದ ದೊಡ್ಡ ಜಮೀನ್ದಾರರಿಗೆ. ಡೆನ್ಮಾರ್ಕ್ ಸುಂಕ ಹಾಕಲಿಲ್ಲ. ಅಗ್ಗದ ಧಾನ್ಯವನ್ನು ಹಸು, ಹಂದಿಗಳಿಗೆ ತಿನ್ನಿಸಿ, 1882ರಿಂದ ಸಹಕಾರಿ ಡೇರಿಗಳನ್ನು ಕಟ್ಟಿ, ಬೆಣ್ಣೆ, ಮಾಂಸವನ್ನು ಬ್ರಿಟನ್ನಿಗೆ ಮಾರಿತು. ಎಲ್ಲ ದೇಶಕ್ಕೂ ಡೆನ್ಮಾರ್ಕ್ ದಾರಿ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಓದು ಬಂದ ರೈತರು, ಹತ್ತಿರದಲ್ಲೇ ದೊಡ್ಡ ಗಿರಾಕಿ, ಇವೆಲ್ಲ ಅವರಿಗಿದ್ದವು.

ಸರ್ಕಾರಕ್ಕೆ ಖರ್ಚಿಲ್ಲ, ಆದಾಯ ಬರುತ್ತದೆ ಎಂದಿರಿ. ಸುಂಕ ಪೂರ್ತಿ ಕೆಲಸ ಮಾಡಿದರೆ ಆಮದೇ ನಿಲ್ಲುತ್ತದೆ, ಆದಾಯ ಸೊನ್ನೆ. ಆದಾಯ ಚೆನ್ನಾಗಿ ಬರುತ್ತಿದೆ ಅಂದರೆ ಹೊರಗಿನ ಧಾನ್ಯ ಇನ್ನೂ ಬರುತ್ತಿದೆ ಎಂದರ್ಥ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಖರ್ಚು ಇದ್ದೇ ಇದೆ, ಅದು ಬಜೆಟ್ಟಿನಲ್ಲಿ ಕಾಣುವುದಿಲ್ಲ ಅಷ್ಟೆ. ಧಾನ್ಯ ಕೊಳ್ಳುವ ಪ್ರತಿ ಮನೆಯವರು ಅದನ್ನು ಕಟ್ಟುತ್ತಾರೆ, ಸಂಪಾದನೆಯ ದೊಡ್ಡ ಪಾಲು ಊಟಕ್ಕೇ ಹೋಗುವ ಬಡವರು ಹೆಚ್ಚು ಕಟ್ಟುತ್ತಾರೆ. ಬ್ರಿಟನ್ 1947ರ ಕೃಷಿ ಕಾಯ್ದೆಯ ನಂತರ ಬೇರೆ ರೀತಿ ಮಾಡಿತು. ಧಾನ್ಯ ಜಗತ್ತಿನ ಬೆಲೆಗೇ ಒಳಗೆ ಬರಲಿ, ರೈತರಿಗೆ ಮಾತು ಕೊಟ್ಟ ಬೆಲೆಗೂ ಮಾರುಕಟ್ಟೆ ಬೆಲೆಗೂ ಇರುವ ಅಂತರವನ್ನು ಖಜಾನೆಯೇ ತುಂಬಲಿ ಎಂದಿತು. ರೈತರಿಗೆ ದುಡ್ಡು ನೇರ ಮುಟ್ಟಿತು, ಕೊಳ್ಳುವವರಿಗೆ ಬೆಲೆ ಏರಲಿಲ್ಲ. ಖಜಾನೆ ಗಟ್ಟಿಯಿರುವ ದೇಶಕ್ಕೆ ನಾನು ಇದನ್ನೇ ಹೇಳುತ್ತೇನೆ. ಖಜಾನೆ ಬಡವಾಗಿದ್ದರೆ ಸುಂಕವೇ ಗತಿ. ಆಗ ಅದನ್ನು ಸರಿಯಾಗಿ ಬರೆಯಬೇಕು.

ಎಷ್ಟು ಬೇಕಾದರೂ ಏರಿಸಲು ಎಲ್ಲ ದೇಶಕ್ಕೂ ಸ್ವಾತಂತ್ರ್ಯವಿಲ್ಲ ಅನ್ನುವುದು ಗೊತ್ತಿರಲಿ. ವಿಶ್ವ ವ್ಯಾಪಾರ ಸಂಸ್ಥೆ 1995ರಲ್ಲಿ ಶುರುವಾದಾಗಿನಿಂದ ಪ್ರತಿ ಸದಸ್ಯ ದೇಶ ಒಂದೊಂದು ಧಾನ್ಯಕ್ಕೂ ಗರಿಷ್ಠ ಮಿತಿ ಒಪ್ಪಿಕೊಂಡಿದೆ. ಮಿತಿಯೊಳಗೆ ಏರಿಸಬಹುದು, ಇಳಿಸಬಹುದು. ಅದನ್ನು ದಾಟಬೇಕಾದರೆ ಬೇರೆ ದೇಶಗಳ ಜೊತೆ ಮಾತುಕತೆ, ಪರಿಹಾರ ಎಲ್ಲ ಇದೆ. ಆಮದು ಏಕಾಏಕಿ ಉಕ್ಕಿದಾಗ ತಾತ್ಕಾಲಿಕವಾಗಿ ಮಿತಿ ದಾಟುವ ಹಕ್ಕು ಬಡ ದೇಶಗಳಿಗೆ ಇರಲಿ ಎಂದು 2008ರ ಜುಲೈನಲ್ಲಿ ಜಿನೀವಾದಲ್ಲಿ ದೊಡ್ಡ ಚರ್ಚೆ ನಡೆಯಿತು. ಅದೇ ವಿಷಯಕ್ಕೆ ಮಾತುಕತೆ ಮುರಿದುಬಿತ್ತು. ಆ ಹಕ್ಕಿನ ಬೇಡಿಕೆ ನ್ಯಾಯವಾದದ್ದು ಎಂದು ನನ್ನ ಅಭಿಪ್ರಾಯ.

ಹಾಗಾಗಿ ರೈತ ಸಂಘಟನೆಯವರು ಬಂದು ಏನು ಕೇಳಬೇಕು ಎಂದರೆ ನಾನು ಹೀಗೆ ಹೇಳುತ್ತೇನೆ. ಶೇಕಡಾವಾರು ದೊಡ್ಡ ಅಂಕಿಗೆ ಹಟ ಹಿಡಿಯಬೇಡಿ. ಶೇ 20ರಿಂದ 30ರಷ್ಟಿರುವ, ಐದು ವರ್ಷ ನಿಯಮ ಬದಲಾಗದ ಸುಂಕ ಕೇಳಿ. ಹೊರಗಿನ ಬೆಲೆ ಒಂದು ಮಟ್ಟಕ್ಕಿಂತ ಕೆಳಗೆ ಬಿದ್ದರೆ ಸುಂಕ ತಾನಾಗಿ ಸ್ವಲ್ಪ ಏರಲಿ, ಮೇಲೆ ಹೋದರೆ ಸ್ವಲ್ಪ ಇಳಿಯಲಿ, 1828ರ ಹಾಗೆ ಕಡಿದಾಗಿ ಅಲ್ಲ. ಹಿಟ್ಟು, ನುಚ್ಚು, ಪಶು ಆಹಾರ ಎಲ್ಲವೂ ಅದೇ ಆದೇಶದಲ್ಲಿರಲಿ. ಬಂದ ಹಣ ಗೋದಾಮಿಗೂ ಬೀಜಕ್ಕೂ ಹೋಗಬೇಕೆಂದು ಕಾನೂನಿನಲ್ಲೇ ಬರೆಸಿ. ಕೊಂಡು ತಿನ್ನುವ ಬಡವರಿಗೆ ಅಗ್ಗದ ಪಡಿತರ ಅಥವಾ ನಗದು ಕೊಡಿಸುವ ಬೇಡಿಕೆಯೂ ನಿಮ್ಮ ಪಟ್ಟಿಯಲ್ಲೇ ಇರಲಿ. ಇಲ್ಲದಿದ್ದರೆ ಪಟ್ಟಣದಲ್ಲಿ ಬೆಲೆ ಏರಿದ ಮೊದಲ ತಿಂಗಳಲ್ಲೇ ಸರ್ಕಾರ ಹೆದರಿ ಸುಂಕ ತೆಗೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಸಾಲು ಸೇರಿಸಿ: ಬಿತ್ತನೆ ಶುರುವಾದ ದಿನದಿಂದ ಕೊಯ್ಲಾಗಿ ಮೂರು ತಿಂಗಳು ಕಳೆಯುವವರೆಗೆ ಸುಂಕ ಇಳಿಸುವ ಆದೇಶ ಹೊರಡಿಸುವಂತಿಲ್ಲ. ಉಳಿದದ್ದರಲ್ಲಿ ಚೌಕಾಸಿ ಮಾಡಿ. ಈ ಸಾಲನ್ನು ಮಾತ್ರ ಬಿಡಬೇಡಿ.